ಮನೆಯಲ್ಲೇ ಎದೆಬಡಿತದ ಲೆಕ್ಕ



ಸಾಲ, ಗೊಬ್ಬರದ ಮಾತನ್ನು ಬೇರೆಯವರು ಆಡಿದ್ದಾರೆ. ನಾವು ಎದೆಬಡಿತದ ಬಗ್ಗೆ ನಾಲ್ಕು ಮಾತು ಹೇಳ್ತೇವೆ.

ನಮ್ಮಲ್ಲಿ ಕೆಲವರಿಗೆ ಎದೆ ಡವಡವ ಹೊಡ್ಕೊಂಡು, ಮಡಿಕೇರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರಿಯಾಗಿರುತ್ತೆ. ಇಸಿಜಿ ತೆಗೆದರೆ ಏನೂ ಕಾಣೋದಿಲ್ಲ. ಆ ಗಳಿಗೆ ತಪ್ಪಿಹೋಯಿತು, ಅಷ್ಟೆ. ಓಡಾಡುವಾಗಲೂ ಬಡಿತ ಹಿಡಿಯಲೆಂದು ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಬೆನ್ನಿಗೆ ಹೊರುವ ಯಂತ್ರ ಮಾಡಿದರು. ತೂಕ ಸುಮಾರು 38 ಕಿಲೋ, ಮುಕ್ಕಾಲು ಮೂಟೆ ಕಾಫಿ ಅಂದ್ಕೊಳ್ಳಿ! ಈಗಿನದು ಅಂಗೈಯಲ್ಲಿ ಹಿಡಿಸುತ್ತೆ. ಎರಡೂ ಕೈಯ ಬೆರಳಿಟ್ಟು 30 ಸೆಕೆಂಡು ಅಲುಗದೆ ಕೂತರೆ ಮೊಬೈಲಿನಲ್ಲಿ ಗೆರೆ ಮೂಡುತ್ತೆ. ಮಳೆಗಾಲದ ಚಳಿಗೆ ಕೈ ತಣ್ಣಗಿದ್ದರೆ, ತೋಟದ ಕೆಲಸಕ್ಕೆ ಒರಟಾಗಿದ್ದರೆ ಗೆರೆ ಕೆಡುತ್ತೆ. ಕೈ ಬೆಚ್ಚಗೆ ಮಾಡ್ಕೊಂಡು, ಬೆರಳು ತುಸು ಒದ್ದೆ ಮಾಡಿ ಹಿಡೀಬೇಕು.

ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ತಾಳತಪ್ಪಿದ ಬಡಿತ ಇದರಲ್ಲಿ ಸಿಕ್ಕಿಬೀಳಬಹುದು. ಅದರಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯುವುದುಂಟು. ಮೊದಲೇ ತಿಳಿದರೆ ಔಷಧ ಇದೆ. ಗೆರೆಯನ್ನು ಡಾಕ್ಟರೇ ನೋಡಿ ಹೇಳಬೇಕು.

ಎದೆನೋವಿಗೆ ಮಾತ್ರ ಇದನ್ನು ನಂಬಲೇಬೇಡಿ. ಹಾರ್ಟ್ ಅಟ್ಯಾಕ್ ಅಲ್ಲ ಎಂದು ಇದು ಹೇಳಲಾರದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರು ಎಷ್ಟು ದೂರವಾಯ್ತು, ನೆನಪಿದೆಯಲ್ಲ? ನೋವು, ಬೆವರು ಬಂದರೆ ಬೆರಳಿಟ್ಟು ಕೂರದೆ 108ಕ್ಕೆ ಫೋನು ಮಾಡಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ.

ಮನೆಗೊಂದು ಯಂತ್ರ ಬೇಡ. ಸಂಘದಲ್ಲಿ ಒಂದೆರಡು ಇಟ್ಟು, ಡಾಕ್ಟರು ಹೇಳಿದ ಸದಸ್ಯರಿಗೆ ವಾರದ ಮಟ್ಟಿಗೆ ಕೊಡೋಣ. ಆಡಳಿತ ಮಂಡಳಿ ಮುಂದಿನ ಸಭೆಯಲ್ಲೇ ಇದನ್ನು ತೆಗೆದುಕೊಳ್ಳಲಿ ಅಂತ ಕೇಳ್ತೇವೆ.