ವೈದ್ಯಗುರುವಿನ ನಾಯಕತ್ವವನ್ನು ಅಳೆಯುವ ಬಗೆ

 

ಮಠಗಳೂ ಸಮಾಜವೂ ದಾಸೋಹದೊಡನೆ ವಿದ್ಯಾದಾನವನ್ನು ಕೈಕೊಂಡುದರ ಫಲವು ಈ ನಾಡಿನಲ್ಲಿ ಎದ್ದು ಕಾಣುತ್ತಲಿದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1963ರಲ್ಲಿ ಅಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಹುಬ್ಬಳ್ಳಿಯಲ್ಲಿ ಸರಕಾರದ ಮಹಾವಿದ್ಯಾಲಯವು 1957ರಲ್ಲಿಯೇ ಪ್ರಾರಂಭವಾಗಿತ್ತು. ಶಿರೋಳದಂತಹ ಊರಿನಿಂದ ಜಡ್ಡಾದವರನ್ನು ಕರೆದುಕೊಂಡು ಗದುಗಿಗೋ ಹುಬ್ಬಳ್ಳಿಗೋ ಧಾವಿಸುವ ಒಕ್ಕಲುಮಕ್ಕಳು, ಅಲ್ಲಿಯ ವೈದ್ಯನು ಯಾರ ಕೈಯಲ್ಲಿ ಕಲಿತನೆಂದು ಕೇಳುವದಿಲ್ಲ. ಆದರೆ ಅವರ ಪ್ರಾಣವು ಆ ಪ್ರಶ್ನೆಯ ಉತ್ತರವನ್ನೇ ನೆಚ್ಚಿಕೊಂಡಿರುತ್ತದೆ.

2019ರಲ್ಲಿ ದೇಶದ ವೈದ್ಯವಿದ್ಯಾಲಯಗಳಿಗೆ ಬಂದ ಹೊಸ ಪಠ್ಯಕ್ರಮವು, ವೈದ್ಯನು ಚಿಕಿತ್ಸಕನಾಗಿದ್ದರಷ್ಟೇ ಸಾಲದು, ತನ್ನ ಬಳಗದ ಮುಂದಾಳೂ ಸದಸ್ಯನೂ ಆಗಿರಬೇಕೆಂದು ವಿಧಿಸಿತು. ಶಿಷ್ಯನಿಂದ ಇದನ್ನು ಬಯಸುವಾಗ ಗುರುವಿನಲ್ಲಿ ಅದು ಇದೆಯೋ ಇಲ್ಲವೋ ನೋಡಬೇಡವೇ? 2022ರ ನಿಯಮಗಳು ಅಧ್ಯಾಪಕರ ಬಡ್ತಿಗೆ ಸೇವಾವರ್ಷಗಳನ್ನೂ ಸಂಶೋಧನಾ ಪ್ರಬಂಧಗಳನ್ನೂ ಬೋಧನಾ ತರಬೇತಿಯನ್ನೂ ಕೇಳಿದವು. ಇವೆಲ್ಲ ಎಣಿಕೆಗೆ ಸಿಕ್ಕುವ ಸಂಗತಿಗಳು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತವನು ಇಪ್ಪತ್ತು ವರ್ಷ ಮುಂದಾಳಾಗಿದ್ದನೆಂದು ಯಾರು ಹೇಳಬಲ್ಲರು?

ಅಳೆಯತಕ್ಕ ಸ್ಥಳಗಳು ಬೇರೆಯೇ ಇರುವವು. ಔಷಧದ ಪ್ರಮಾಣದಲ್ಲಿ ತಪ್ಪಾಗಿದೆಯೆಂದು ಕಿರಿಯ ದಾದಿಯೊಬ್ಬಳು ಬಂದು ಹೇಳಿದಾಗ ವಿಭಾಗದ ಮುಖ್ಯಸ್ಥನು ಗದರುತ್ತಾನೆಯೋ, ಆಲಿಸಿ ಆ ತಪ್ಪಿನ ಮೂಲವನ್ನು ಹುಡುಕುತ್ತಾನೆಯೋ? ಅವನು ಎರಡು ವಾರ ಊರಲ್ಲಿ ಇಲ್ಲದಿದ್ದರೆ ಪಾಠವೂ ರೋಗಿಗಳ ಆರೈಕೆಯೂ ನಡೆಯುವವೋ, ನಿಲ್ಲುವವೋ? ಇದಕ್ಕೆ ಮೇಲಧಿಕಾರಿಯೊಬ್ಬನ ವರದಿಯು ಸಾಕ್ಷಿಯಾಗಲಾರದು. ಆದಕಾರಣ ಸಹೋದ್ಯೋಗಿಗಳು, ಕಿರಿಯ ವೈದ್ಯರು, ದಾದಿಯರು, ವಿದ್ಯಾರ್ಥಿಗಳು ಇವರೆಲ್ಲರ ಅಭಿಪ್ರಾಯವನ್ನು ಸಂಗ್ರಹಿಸಿ, ಅಧ್ಯಾಪಕನು ತನ್ನ ವಿಷಯದಲ್ಲಿ ತಾನೇ ಬರೆದುಕೊಂಡುದರೊಡನೆ ಹೋಲಿಸುವ ಪದ್ಧತಿಯು ಅನೇಕ ದೇಶಗಳಲ್ಲಿ ರೂಢವಾಗಿದೆ. ತನ್ನ ಎಣಿಕೆಗೂ ಇತರರ ಎಣಿಕೆಗೂ ಇರುವ ಅಂತರವೇ ಅಲ್ಲಿ ದೊರೆಯುವ ಬಹುದೊಡ್ಡ ತಿಳಿವಳಿಕೆ. ಒಬ್ಬಿಬ್ಬರ ಮಾತನ್ನು ನಂಬಲಾಗದು. ಹಗೆಯೂ ಹೊಗಳಿಕೆಯೂ ಹಲವರ ಮಾತಿನ ನಡುವೆ ಮಾತ್ರ ಕರಗುವವು.

ಇಂತಹ ವಿಚಾರಣೆಯು ನಮ್ಮವರಿಗೆ ಹೊಸತಲ್ಲ. ಶೂನ್ಯಸಂಪಾದನೆಯನ್ನು ಬಲ್ಲವರು ಸಿದ್ಧರಾಮನ ಪ್ರಸಂಗವನ್ನು ನೆನೆಯಬಹುದು. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಸಾವಿರಾರು ಜನರನ್ನು ಹಿಂದಿಟ್ಟುಕೊಂಡು ನಡೆದ ಆ ಮುಂದಾಳನ್ನು ಅಲ್ಲಮಪ್ರಭುವು ಅವನ ಕೆಲಸದ ಸ್ಥಳದಲ್ಲಿಯೇ ನಿಂತು ಕೆಣಕಿದನು. ಅವನು ಪರೀಕ್ಷಿಸಿದುದು ಕೆರೆಯ ಅಗಲವನ್ನಲ್ಲ, ಕಟ್ಟಿಸಿದವನ ಅಂತರಂಗವನ್ನು. ಸಿದ್ಧರಾಮನು ಮೊದಲು ಸಿಟ್ಟಾದನು, ತರುವಾಯ ಕಲಿತನು.

ಆದರೆ ಅಲ್ಲಮನಿಗೆ ಸಿದ್ಧರಾಮನ ಅಂಜಿಕೆ ಇರಲಿಲ್ಲ. ಪರೀಕ್ಷೆಯ ಅಂಕಗಳು ಗುರುವಿನ ಕೈಯಲ್ಲಿರುವ ಸ್ನಾತಕೋತ್ತರ ವಿದ್ಯಾರ್ಥಿಯು ಆ ಗುರುವಿನ ಕುಂದನ್ನು ಹೆಸರು ಹಾಕಿ ಬರೆಯುವನೇ? ಇಲ್ಲಿಯೇ ಈ ಪದ್ಧತಿಯು ನಮ್ಮಲ್ಲಿ ಸೋಲುವ ಭಯವಿದೆ. ಅಭಿಪ್ರಾಯಗಳನ್ನು ಹೆಸರಿಲ್ಲದೆ, ವಿಭಾಗಕ್ಕೆ ಹೊರಗಿನವರು ಸಂಗ್ರಹಿಸಬೇಕು. ಮೊದಲ ಸಲದ ಫಲವನ್ನು ಬಡ್ತಿಗೂ ದಂಡನೆಗೂ ಜೋಡಿಸದೆ, ಹಿರಿಯರೊಬ್ಬರು ಆ ಅಧ್ಯಾಪಕನೊಡನೆ ಏಕಾಂತದಲ್ಲಿ ಕುಳಿತು ಓದಿ ತೋರಿಸಬೇಕು. ಒಂದು ವರ್ಷ ಕಳೆದ ಮೇಲೆ ಅದೇ ಪ್ರಶ್ನೆಗಳನ್ನು ಅದೇ ಬಳಗಕ್ಕೆ ಮತ್ತೊಮ್ಮೆ ಕೇಳತಕ್ಕದ್ದು.