ಬಂಡಿಯ ಮೇಲೆ ಬಂದ ದೋಣಿ



ದೋಣಿಯ ಮೇಲೆ ಬಂಡಿ, ಬಂಡಿಯ ಮೇಲೆ ದೋಣಿ ಎಂದು ನಮ್ಮ ಹಿರಿಯರು ಒಂದು ಮಾತು ಆಡುತ್ತಿದ್ದರು. ಕಾಲ ಒಂದೇ ಸಮ ಇರುವುದಿಲ್ಲ, ಇಂದು ಹೊರುವವನು ನಾಳೆ ಹೊರಿಸಿಕೊಳ್ಳುತ್ತಾನೆ ಎಂದು ಅದರ ಅರ್ಥ. ನಾನು ಅದನ್ನು ಬರೀ ಗಾದೆ ಎಂದು ತಿಳಿದಿದ್ದೆ. 2022ರ ಅಕ್ಟೋಬರ್ ತಿಂಗಳಲ್ಲಿ ಅದನ್ನು ಕಣ್ಣಾರೆ ಕಂಡೆ. ಮಲ್ಪೆಯಲ್ಲಿ ಕೊಂಡ ಒಂದು ದೋಣಿಯನ್ನು ಲಾರಿಯ ಮೇಲೆ ಹೇರಿಕೊಂಡು, ಸುಮಾರು 700 ಕಿಲೋಮೀಟರ್ ನೆಲದ ಮೇಲೆ ಸಾಗಿಸಿ, ತೇರಣಾ ನದಿಯ ಹಿನ್ನೀರಿಗೆ ತಂದು ಬಿಟ್ಟೆವು. ಆ ಪ್ರಯಾಣದಲ್ಲಿ ಕಲಿತ ನಾಲ್ಕು ಮಾತುಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಉಮರ್ಗಾ, ನಿಲಂಗಾ, ಉದಗೀರ ಭಾಗಕ್ಕೆ ದೋಣಿ ಏಕೆ ಬೇಕು ಎಂದು ನೀವು ನಗಬಹುದು. ನಮ್ಮದು ಎರೆಭೂಮಿ, ತೊಗರಿ ಮತ್ತು ಸೋಯಾಬೀನಿನ ಸೀಮೆ. 2016ರ ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಗತಿಯಿಲ್ಲದೆ, ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಯಿತು. ಏಪ್ರಿಲ್ 12ರಂದು ಬಂದ ಮೊದಲ ಗಾಡಿಯಲ್ಲಿ 10 ಟ್ಯಾಂಕರುಗಳು, ಸುಮಾರು 5 ಲಕ್ಷ ಲೀಟರ್ ನೀರು. ಇದೇ ಸೀಮೆಯಲ್ಲಿ 2021ರ ಸೆಪ್ಟೆಂಬರ್ ಕೊನೆಗೆ ಮಾಂಜ್ರಾ ನದಿ ಉಕ್ಕಿ ಹರಿದು, ಸಿಕ್ಕಿಬಿದ್ದ ಜನರನ್ನು ದೋಣಿಯಲ್ಲಿ, ಹೆಲಿಕಾಪ್ಟರಿನಲ್ಲಿ ಬಿಡಿಸಿ ತರಬೇಕಾಯಿತು. ಒಂದು ವರ್ಷ ನೀರು ರೈಲು ಹತ್ತಿ ಬರುತ್ತದೆ, ಇನ್ನೊಂದು ವರ್ಷ ನಾವು ಮಾಳಿಗೆ ಹತ್ತಿ ಕೂಡುತ್ತೇವೆ. ಇದು ನಮ್ಮ ನಾಡಿನ ಸ್ಥಿತಿ.

ಮಾಕಣಿಯ ಹತ್ತಿರ ತೇರಣಾ ನದಿಗೆ ಕಟ್ಟಿದ ಅಣೆಕಟ್ಟು ನಿಮಗೆ ಗೊತ್ತಿದೆ. ಅದರ ಹಿನ್ನೀರಿನಲ್ಲಿ ಭೋಯಿ ಮತ್ತು ಕೋಳಿ ಜನ ಮೀನು ಹಿಡಿದು ಬದುಕುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ದೋಣಿ ಇಲ್ಲ. ಥರ್ಮೋಕೋಲಿನ ಹಲಗೆಗಳನ್ನು ಬಿಗಿದು ಮಾಡಿದ ತರಾಫಾ, ಇಲ್ಲವೆ ಲಾರಿಯ ಗಾಳಿ ತುಂಬಿದ ಟ್ಯೂಬು, ಇವೇ ಅವರ ದೋಣಿ. ಗಾಳಿ ಇಲ್ಲದಾಗ ಅದು ನಡೆಯುತ್ತದೆ. 2020ರ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ, ಇಪ್ಪತ್ತೆರಡರ ವಯಸ್ಸು, ಸಂಜೆ ಬಲೆ ಎತ್ತಲು ಹೋದವನು ತಿರುಗಿ ಬರಲಿಲ್ಲ. ತರಾಫಾ ಮಾತ್ರ ಮರುದಿನ ದಂಡೆಗೆ ಬಂತು. ಆಮೇಲೆ ಆ ಓಣಿಯವರು ಎರಡು ವರ್ಷ ಹಣ ಕೂಡಿಸಿದರು. ನನ್ನ ಹತ್ತಿರ ಬಂದು, "ಬ್ಯಾಂಕಿನ ಕಾಕಾ, ನಿಮಗ ಕನ್ನಡ ಬರ್ತದ, ಕಾಗದ ಪತ್ರ ತಿಳೀತದ. ನೀವ ಮುಂದ ನಿಂತು ಒಂದು ದೋಣಿ ತರಸ್ರಿ" ಅಂದರು. ನಾನು ಒಪ್ಪಿದೆ. ಅಂಥ ಹಣವನ್ನು ಕೈಗೆ ತೆಗೆದುಕೊಂಡ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ.

ಮಲ್ಪೆಯಲ್ಲಿ ಫೈಬರಿನ ದೋಣಿ ಸಿಗುತ್ತದೆ. 20 ಅಡಿ ಉದ್ದ, ಐದೂವರೆ ಅಡಿ ಅಗಲ, ಹೆಚ್ಚುಕಡಿಮೆ 400 ಕಿಲೋ ತೂಕದ ಒಂದನ್ನು ಆರಿಸಿದೆವು. ಬೆಲೆ 1,60,000 ರೂಪಾಯಿ. ಕೊಳ್ಳುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು.

ಲಾರಿ ಆಫೀಸಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, "ಮಾಲು ಎಷ್ಟು ಟನ್ನು?" ಎಂದು. ನಮ್ಮ ಜನಕ್ಕೂ ಅದೇ ರೂಢಿ. ತೊಗರಿ, ಸಕ್ಕರೆ, ಸಿಮೆಂಟು ಎಲ್ಲವೂ ತೂಕದ ಮೇಲೆಯೇ ಹೋಗುತ್ತವೆ. ಆದರೆ ದೋಣಿಯ ಲೆಕ್ಕ ಬೇರೆ. ಅದು ಹಗುರ, ಆದರೆ ಉದ್ದ. ನಾನು 400 ಕಿಲೋ ಎಂದು ಹೇಳಿ 5,000 ರೂಪಾಯಿ ಮುಂಗಡ ಕೊಟ್ಟು ಬಂದೆ. ಸೋಮವಾರ ಬಂದ ಲಾರಿಯ ಮೈ 17 ಅಡಿ ಮಾತ್ರ. ದೋಣಿ ಹೇರಿದರೆ 3 ಅಡಿ ಹಿಂದೆ ಚಾಚುತ್ತದೆ. "ಕೆಂಪು ಬಟ್ಟೆ ಕಟ್ಟಿದರೆ ಆಯಿತು, ದಿನಾ ಹೀಗೆಯೇ ಒಯ್ಯುತ್ತೇವೆ" ಎಂದು ಚಾಲಕ ಹೇಳಿದ.

ನಾನು ಬೇಡ ಎಂದೆ. ಇದಕ್ಕೆ ಎರಡು ಕಾರಣ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಲಾರಿಯ ಮೈಯಿಂದ ಹೊರಗೆ ಮಿತಿ ಮೀರಿ ಚಾಚಿದ ಸರಕಿಗೆ 20,000 ರೂಪಾಯಿ ದಂಡ, ಜೊತೆಗೆ ಸರಕು ಇಳಿಸುವ ಖರ್ಚು. ಎರಡನೆಯ ಕಾರಣ ಇನ್ನೂ ದೊಡ್ಡದು. ಹಿಂದಿನ ಫಾಳಕದ ಅಂಚಿನ ಮೇಲೆ ನಿಂತ ದೋಣಿಯ ಬಾಲ, ಪ್ರತಿಯೊಂದು ಗುಂಡಿಗೆ, ಪ್ರತಿಯೊಂದು ಉಬ್ಬಿಗೆ ಕುಣಿಯುತ್ತದೆ. 700 ಕಿಲೋಮೀಟರ್ ಕುಣಿದರೆ ಆ ಅಂಚಿನಲ್ಲಿಯೇ ಫೈಬರು ಸೀಳುತ್ತದೆ. ಜೊತೆಗೆ ಬಂದ ಹುಡುಗರು, "ಮೂರು ಫೂಟಿಗಿ ಇಷ್ಟ್ಯಾಕ ಹಟ ಮಾಡ್ತೀರಿ ಕಾಕಾ?" ಎಂದು ಸಿಟ್ಟಾದರು. ಮುಂಗಡ ಹಣ ಹೋಯಿತು. ಅಳತೆ ಹೇಳದೆ ಮುಂಗಡ ಕೊಟ್ಟವನು ನಾನು, ಆದ್ದರಿಂದ ಅದನ್ನು ನನ್ನ ಕಿಸೆಯಿಂದಲೇ ತುಂಬಿದೆ.

ಆಗ ಒಂದು ಉಪಾಯ ಹೊಳೆಯಿತು. ಅದು ಮೊದಲೇ ಹೊಳೆಯಬೇಕಾಗಿತ್ತು. ಉದಗೀರ ಮತ್ತು ಲಾತೂರಿನ ದಾಲ್ ಮಿಲ್ಲುಗಳಿಂದ ಬೇಳೆ ಹೇರಿಕೊಂಡು ಕರಾವಳಿಯ ಕಡೆಗೆ ಲಾರಿಗಳು ಹೋಗುತ್ತವೆ. ತಿರುಗಿ ಬರುವಾಗ ಅವಕ್ಕೆ ಮಾಲು ಬೇಕು. ಊರಿಗೆ ಫೋನು ಮಾಡಿ ವಿಚಾರಿಸಿದೆ. ಬುಧವಾರ ಮಂಗಳೂರಿನಲ್ಲಿ ಬೇಳೆ ಇಳಿಸಿ ಖಾಲಿ ಬರುವ ಒಂದು ಗಾಡಿ ಸಿಕ್ಕಿತು. ಅದರ ಮೈ 22 ಅಡಿ, ಬಾಡಿಗೆಯೂ ಮೊದಲಿನವರು ಕೇಳಿದ್ದಕ್ಕಿಂತ ಕಡಿಮೆ. ದೂರದಿಂದ ಏನು ತರಿಸುವುದಿದ್ದರೂ ಗಾಡಿಯನ್ನು ಆ ಊರಿನಲ್ಲಿ ಹುಡುಕಬೇಡಿ, ನಿಮ್ಮ ಊರಿನಲ್ಲಿ ಹುಡುಕಿರಿ. ಮನೆಗೆ ತಿರುಗುವ ಎತ್ತು ಚುರುಕಾಗಿ ನಡೆಯುತ್ತದೆ.

ಇನ್ನು ಕಾಗದದ ಮಾತು. 50,000 ರೂಪಾಯಿಗೂ ಮೇಲಿನ ಸರಕು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವುದಾದರೆ ಇ-ವೇ ಬಿಲ್ಲು ಬೇಕು. 2018ರ ಏಪ್ರಿಲ್ 1ರಿಂದ ಈ ಪದ್ಧತಿ ಬಂದಿದೆ. 200 ಕಿಲೋಮೀಟರಿಗೆ ಒಂದು ದಿನದಂತೆ ಅದಕ್ಕೆ ಅವಧಿ ಇರುತ್ತದೆ. ನಮಗೆ ನಾಲ್ಕು ದಿನ ಸಿಕ್ಕಿತ್ತು. ಆದರೆ ದೋಣಿ ಮಾರಿದವರು ಸೋಮವಾರವೇ ಮೊದಲ ಲಾರಿಯ ನಂಬರು ಹಾಕಿ ಬಿಲ್ಲು ತೆಗೆದಿದ್ದರು. ಲಾರಿಯ ನಂಬರು ಬಿದ್ದ ಕೂಡಲೆ ಗಡಿಯಾರ ಓಡಲು ಶುರು. ಶುಕ್ರವಾರ ಮಧ್ಯರಾತ್ರಿಗೆ ಅವಧಿ ಮುಗಿಯುವುದಿತ್ತು. ಹೊಸ ಲಾರಿಯ ನಂಬರನ್ನು ಸೇರಿಸಿಕೊಂಡು, ಬುಧವಾರ ಸಂಜೆ ಹೊರಟೆವು. ಅವಧಿ ಮುಗಿಯುವ 8 ತಾಸು ಮೊದಲು ಅಥವಾ 8 ತಾಸು ನಂತರದೊಳಗೆ ಅದನ್ನು ಬೆಳೆಸಿಕೊಳ್ಳಲು ಅವಕಾಶವಿದೆ. ಆದರೆ ನಡುದಾರಿಯಲ್ಲಿ ಆ ಕೆಲಸ ಮಾಡುವುದಕ್ಕಿಂತ, ಗಾಡಿ ಬಾಗಿಲಿಗೆ ಬಂದು ಅಳತೆ ಸರಿ ಎಂದು ಕಂಡ ಮೇಲೆ ನಂಬರು ಹಾಕಿಸುವುದೇ ಜಾಣತನ.

ಹೇರುವಾಗ ಲಾರಿಯ ತಳಕ್ಕೆ ಹಳೆಯ ಟೈರು, ಅದರ ಮೇಲೆ ಹುಲ್ಲು ತುಂಬಿದ ಗೋಣಿಚೀಲ ಹಾಸಿದೆವು. ದೋಣಿಯ ಭಾರ ಅದರ ನಡುಬೆನ್ನಿನ ಮೇಲೆ ಕೂಡಬೇಕು, ಪಕ್ಕೆಗಳ ಮೇಲೆ ಅಲ್ಲ. ಪಕ್ಕೆಗಳಿಗೆ ವಾಲದಷ್ಟೇ ಆಸರೆ ಸಾಕು. ಹಗ್ಗ ಅಂಚನ್ನು ಕೊರೆಯದಂತೆ ಅದರ ಕೆಳಗೆ ಗೋಣಿತಟ್ಟು ಇಡಬೇಕು. ಇಷ್ಟೆಲ್ಲ ಮಾಡಿದೆವು. ಮೇಲೆ ತಾಡಪತ್ರಿ ಹೊದಿಸಿದೆವು. ಒಂದು ಕೆಲಸ ಮರೆತೆ.

ದಾರಿ ಸುಲಭ. ಮಲ್ಪೆಯಿಂದ ಸಮುದ್ರದ ಬದಿಯಲ್ಲಿಯೇ ಅಂಕೋಲೆಯವರೆಗೆ ಬಂದರೆ, ಅಲ್ಲಿಂದ ಸೊಲ್ಲಾಪುರದವರೆಗೆ ಒಂದೇ ಹೆದ್ದಾರಿ, ನಂಬರು 52. ಅರಬೈಲು ಘಟ್ಟ ಏರುವಾಗ ರಾತ್ರಿ ಜೋರು ಮಳೆ ಹೊಡೆಯಿತು. ಬೆಳಗಿಗೆ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಚಾಲಕ ಬಂದು, "ಕಾಕಾ, ಗಾಡಿ ಭಾರೀ ಆಗಲ್ಯಾ" ಅಂದ. ಮೇಲೆ ಹತ್ತಿ ನೋಡಿದರೆ ತಾಡಪತ್ರಿ ಹರಿದು ದೋಣಿಯೊಳಗೆ ಅರ್ಧ ಅಡಿಗೂ ಮೇಲೆ ನೀರು. ಹಿಂಭಾಗದಲ್ಲಿ ನೀರು ಬಿಡುವ ತೂತಿಗೆ ಒಂದು ಬಿರಡೆ ಇರುತ್ತದೆ. ದೋಣಿ ನೀರಿನಲ್ಲಿರುವಾಗ ಅದು ಮುಚ್ಚಿರಬೇಕು, ಲಾರಿಯ ಮೇಲಿರುವಾಗ ತೆಗೆದಿರಬೇಕು. ನಾನು ತೆಗೆಸಿರಲಿಲ್ಲ. ಒಂದು ಘನ ಮೀಟರ್ ನೀರು ಎಂದರೆ ಒಂದು ಟನ್ನು. ಅಂಥ ದೋಣಿಯಲ್ಲಿ ಅರ್ಧ ಅಡಿ ನೀರು ನಿಂತರೆ ಸುಮಾರು ಅಷ್ಟಾಗುತ್ತದೆ. 400 ಕಿಲೋದ ದೋಣಿ ರಾತ್ರೋರಾತ್ರಿ ಒಂದೂವರೆ ಟನ್ನಿನಷ್ಟಾಗಿ ಕೂತಿತ್ತು. ಬಿರಡೆ ತೆಗೆದು ನೀರು ಬಿಟ್ಟೆವು. ಆದರೆ ಒಂದು ಟೈರು ಸರಿದು, ಲಾರಿಯ ಕಬ್ಬಿಣದ ಪಟ್ಟಿ ಒತ್ತಿದ ಕಡೆ ತಳದಲ್ಲಿ ಗೇಣುದ್ದದ ಸೀಳು ಬಿದ್ದಿತ್ತು.

ಕೇಳುಗರೇ, ನೌಕರಿಯುದ್ದಕ್ಕೂ ಸಾಲಗಾರರಿಗೆ ವಿಮೆ ಮಾಡಿಸಿ ಎಂದು ಹೇಳಿದವನು ನಾನು. ಎಮ್ಮೆಗೆ ವಿಮೆ, ಪಂಪಿಗೆ ವಿಮೆ. ಈ ದೋಣಿಗೆ ಮಾತ್ರ ದಾರಿಯ ವಿಮೆ ಮಾಡಿಸಿರಲಿಲ್ಲ. ಎರಡು ದಿನದ ದಾರಿಗೆ ಏಕೆ ಎಂದು ಹಣ ಉಳಿಸಿದ್ದೆ. ಯಲ್ಲಾಪುರದಿಂದ ಹುಬ್ಬಳ್ಳಿಯವರೆಗೆ ನಾನು ಯಾರೊಡನೆಯೂ ಮಾತಾಡಲಿಲ್ಲ.

ಮುಂದೆ ಮಲಪ್ರಭಾ ದಾಟಿದೆವು, ಘಟಪ್ರಭಾ ದಾಟಿದೆವು, ಕೊಲ್ಹಾರದಲ್ಲಿ ಕೃಷ್ಣೆ, ಸೊಲ್ಲಾಪುರದ ಈಚೆ ಭೀಮೆ. ನಾಲ್ಕು ನದಿಗಳ ಮೇಲೆ ದೋಣಿ ಸೇತುವೆಯ ಮೇಲಿನಿಂದ ಒಣಗಿಕೊಂಡೇ ದಾಟಿತು. ಗಡಿಯ ಹತ್ತಿರ ಒಬ್ಬ ಪೊಲೀಸಿನವರು ತಡೆದು ಮರಾಠಿಯಲ್ಲಿ, ಇಲ್ಲಿ ಸಮುದ್ರ ಎಲ್ಲಿದೆ ಎಂದು ನಗುತ್ತ ಕೇಳಿದರು. ಕನ್ನಡದಲ್ಲಿ ಬರೆದ ರಸೀದಿಯನ್ನು ನಾನು ಮರಾಠಿಯಲ್ಲಿ ಓದಿ ಹೇಳಿದೆ. ಎರಡು ಭಾಷೆಯ ನಡುವೆ ಹುಟ್ಟಿದ್ದರ ಉಪಯೋಗ ಅಂದು ತಿಳಿಯಿತು.

ಇಂಥ ಕೆಲಸ ಮಾಡಿದವರು ನಾವೇ ಮೊದಲಿಗರಲ್ಲ. ಕ್ರಿಸ್ತಪೂರ್ವ 326ರಲ್ಲಿ ಅಲೆಕ್ಸಾಂಡರನು ಸಿಂಧೂ ನದಿಯಲ್ಲಿದ್ದ ತನ್ನ ದೋಣಿಗಳನ್ನು ಎರಡು ಮೂರು ತುಂಡು ಮಾಡಿಸಿ, ಬಂಡಿಗಳ ಮೇಲೆ ಝೇಲಂ ನದಿಗೆ ಒಯ್ಯಿಸಿ, ಮತ್ತೆ ಜೋಡಿಸಿ, ಪೋರಸನ ಮೇಲೆ ಏರಿ ಹೋದನು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಟಿಟಿಕಾಕಾ ಎಂಬ ಎತ್ತರದ ಸರೋವರವಿದೆ. ಅಲ್ಲಿಗೆ ಯಾವರಿ ಎಂಬ ಹಡಗನ್ನು ಇಂಗ್ಲೆಂಡಿನಿಂದ ತುಂಡುಗಳಾಗಿ ತಂದು, ಹೇಸರಗತ್ತೆಗಳ ಮೇಲೆ ಆಂಡೀಸ್ ಪರ್ವತ ಏರಿಸಿದರು. ವರ್ಷಗಟ್ಟಲೆ ಕಷ್ಟಪಟ್ಟು 1870ರಲ್ಲಿ ನೀರಿಗೆ ಇಳಿಸಿದರು. ನೆಲದ ಮೇಲೆ ಹೋಗುವಾಗ ದೋಣಿ ಒಂದು ಮಾಲು ಅಷ್ಟೇ. ಅದು ಸರಿಯಾಗಿ ತಲುಪುವುದು ಹೇರಿದವನ ಜಾಗರೂಕತೆಯ ಮೇಲೆ ನಿಂತಿದೆ.

ಶುಕ್ರವಾರ ಸಂಜೆ, ಬಿಲ್ಲಿನ ಅವಧಿಗೆ ಇನ್ನೂ ಆರು ತಾಸು ಇರುವಾಗ, ಸೊಲ್ಲಾಪುರದಿಂದ ಹೈದರಾಬಾದ್ ಹೆದ್ದಾರಿ ಹಿಡಿದು, ಅದನ್ನು ಬಿಟ್ಟು ಲೋಹಾರಾ ದಾರಿಯಲ್ಲಿ ನಮ್ಮ ಊರು ತಲುಪಿದೆವು. ಆದರೆ ಹಿನ್ನೀರಿಗೆ ಇನ್ನೂ 2 ಕಿಲೋಮೀಟರ್ ಉಳಿದಿತ್ತು. ಮಳೆ ಬಿದ್ದ ಎರೆಮಣ್ಣಿನಲ್ಲಿ ಲಾರಿ ಇಳಿದರೆ ಮತ್ತೆ ಏಳುವುದು ದೀಪಾವಳಿಗೇ. 700 ಕಿಲೋಮೀಟರ್ ಎರಡು ದಿನದಲ್ಲಿ ಆಯಿತು, ಈ 2 ಕಿಲೋಮೀಟರಿಗೆ ನಾಲ್ಕು ದಿನ ಬೇಕಾಯಿತು. ಹನುಮಂತ ದೇವರ ಗುಡಿಯ ಮುಂದೆ ದೋಣಿ ಇಳಿಸಿದೆವು. ಹುಲ್ಲಿನ ಮೆತ್ತೆ ಹಾಸಿ ಹದಿನಾಲ್ಕು ಜನ ಹೆಗಲು ಕೊಟ್ಟರು. ನೆಲ ಆರುವವರೆಗೆ ಅದೇ ಜಾಗದಲ್ಲಿ, ಫೈಬರಿನ ಕೆಲಸ ಬಲ್ಲವನೊಬ್ಬನನ್ನು ಕರೆಸಿ ಸೀಳು ಬೆಸೆಸಿದೆ. 6,500 ರೂಪಾಯಿ ಆಯಿತು. ಸಂಘದವರು ಅದನ್ನು ಹಂಚಿಕೊಳ್ಳುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಬಿರಡೆ ಮರೆತವನು ನಾನು.

ಐದನೆಯ ದಿನ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ದೋಣಿ ಹಿನ್ನೀರಿಗೆ ಹೋಯಿತು. ತೀರಿಕೊಂಡ ಹುಡುಗನ ತಂದೆಯ ಕೈಯಿಂದ ತೆಂಗಿನಕಾಯಿ ಒಡೆಸಿದರು. ಆತ ದೋಣಿಯ ತಳವನ್ನು, ಬೆಸೆದ ಜಾಗವನ್ನು ಕೈಯಿಂದ ಸವರಿ ನೋಡಿ, "ಗಟ್ಟಿ ಅದನ್ರಿ ಕಾಕಾ?" ಎಂದು ಒಂದೇ ಮಾತು ಕೇಳಿದ. ಅವನ ಕಿರಿಯ ಮಗ ಅದೇ ದೋಣಿಯಲ್ಲಿ ಹೋಗುವವನು. "ಗಟ್ಟಿ ಅದ, ನಾನ ಮೊದಲು ಹತ್ತತೀನಿ" ಎಂದು ಹೇಳಿ ಹತ್ತಿದೆ. ನನಗೆ ಈಜು ಬರುವುದಿಲ್ಲ. ಒಂದು ಸುತ್ತು ಹೋಗಿ ಬಂದೆವು, ತಳ ಒಣಗಿಯೇ ಇತ್ತು.

ಆದ್ದರಿಂದ ಬಂಧುಗಳೇ, ನಿಮ್ಮ ಊರಿನವರೂ ದೋಣಿ ತರಿಸುವ ವಿಚಾರ ಮಾಡಿದರೆ ಇಷ್ಟು ನೆನಪಿಡಿ. ಹಣ ಕೊಡುವ ಮೊದಲು ದೋಣಿಯನ್ನೂ ಲಾರಿಯ ಮೈಯನ್ನೂ ಟೇಪು ಹಿಡಿದು ಅಳೆಯಿರಿ. ತಿರುಗಿ ಬರುವ ಗಾಡಿಯನ್ನು ನಿಮ್ಮ ಊರಿನಿಂದಲೇ ಗೊತ್ತು ಮಾಡಿರಿ. ದಾರಿಯ ವಿಮೆ ಮಾಡಿಸಿರಿ. ಬಿರಡೆ ತೆಗೆಯಿರಿ. ಕೊನೆಯ ಎರಡು ಕಿಲೋಮೀಟರನ್ನು ಮೊದಲೇ ನಡೆದು ನೋಡಿ ಬನ್ನಿರಿ. ಮತ್ತು ದೋಣಿಯ ಜೊತೆಗೆ, ಅದರಲ್ಲಿ ಕೂಡುವಷ್ಟು ಜನರಿಗೆ ಜೀವರಕ್ಷಕ ಜಾಕೀಟುಗಳನ್ನೂ ತನ್ನಿರಿ. ಅವು ಹಗುರ, ಅದೇ ಲಾರಿಯಲ್ಲಿ ಬರುತ್ತವೆ.