ಘಟ್ಟದಡಿಯ ನಮ್ಮ ನಾಡು

(ಸವಣೂರು ಬಸದಿಯ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಿದ್ವಾಂಸರು ನಿಲ್ಲಬೇಕಾದ ಈ ವೇದಿಕೆಯಲ್ಲಿ, ಹತ್ತನೆಯ ತರಗತಿಯವರೆಗೆ ಮಾತ್ರ ಓದಿದ ಅಡಿಕೆ ವ್ಯಾಪಾರಿಯೊಬ್ಬನಿಗೆ ನಾಡಿನ ಭೂಗೋಳವನ್ನೂ ಪರಂಪರೆಯನ್ನೂ ಕುರಿತು ಎರಡು ಮಾತುಗಳನ್ನು ನಿವೇದಿಸುವ ಅವಕಾಶ ಒದಗಿದೆ. ಹಳಗನ್ನಡದಲ್ಲಿ ‘ಸವಣ’ ಎಂದರೆ ಶ್ರಮಣ, ಜೈನಮುನಿ. ನಮ್ಮ ಊರಿನ ಹೆಸರು ಅದರಿಂದಲೇ ಬಂದಿತೆನ್ನುವ ಆಸೆ ನನಗೂ ಇದೆ; ಆದರೆ ಆಸೆಯು ಆಧಾರವಲ್ಲ. ಆದುದರಿಂದ ಕಣ್ಣಿಗೆ ಕಾಣುವುದರಿಂದಲೇ ಆರಂಭಿಸುತ್ತೇನೆ.

ಮೂಡಣಕ್ಕೆ ಸಹ್ಯಾದ್ರಿ. ಅಲ್ಲಿ 1712 ಮೀಟರ್ ಎತ್ತರದ ಪುಷ್ಪಗಿರಿಯ ಶ್ರೇಣಿಯಲ್ಲಿ ಹುಟ್ಟುವ ಕುಮಾರಧಾರೆಯು ಕುಕ್ಕೆ ಸುಬ್ರಹ್ಮಣ್ಯವನ್ನು ಹಾದು, ನಮ್ಮ ಸೀಮೆಯ ಬಡಗಣ ಅಂಚಿನಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ತುಳುನಾಡಿನ ಬಸದಿಗಳಿಗೆ ಇಳಿಜಾರಾದ ಮಾಡು ಬಂದುದು ಈ ಮಳೆಯ ಕಾರಣದಿಂದಲೇ. ಬಯಲಿನಲ್ಲಿ ಭತ್ತ, ಕಣಿವೆಯಲ್ಲಿ ಅಡಿಕೆ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು. ಬೆಳೆಯುಳ್ಳ ಮನೆಯಲ್ಲಿಯೂ ಆಟಿ ತಿಂಗಳಲ್ಲಿ ಕೈಯಲ್ಲಿ ಕಾಸಿರುತ್ತಿರಲಿಲ್ಲ.

ಇದನ್ನರಿಯದ ಆಡಳಿತವೊಂದು ಇಲ್ಲಿಗೆ ಬಂದಿತ್ತು. ಪುತ್ತೂರು, ಅಮರಸುಳ್ಯ ಮಾಗಣೆಗಳು 1834ರವರೆಗೆ ಕೊಡಗಿನ ಅರಸರ ಅಧೀನದಲ್ಲಿದ್ದವು. ರೈತರು ತೆರಿಗೆಯನ್ನು ಬೆಳೆಯ ರೂಪದಲ್ಲಿಯೇ ಸಲ್ಲಿಸುತ್ತಿದ್ದರು. ಆ ವರ್ಷ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ ಸರಕಾರವು ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ತೆರಿಗೆಯನ್ನು ನಗದಾಗಿ ಕೇಳಿತು. ನಗದಿಗಾಗಿ ರೈತನು ಸಾಲಗಾರನಾದನು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನೇತೃತ್ವದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕರು. ಕೆಲವೇ ದಿನಗಳಲ್ಲಿ ಕಂಪೆನಿಯ ಸೈನ್ಯ ಬಂದು ಎಲ್ಲವೂ ಮುಗಿಯಿತು. ನಮ್ಮ ಸಮಾಜದವರೇ ಆದ ನಂದಾವರದ ಲಕ್ಷ್ಮಪ್ಪ ಬಂಗರಸರು ಗಲ್ಲಿಗೇರಿದರು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತುದು 2022ರಲ್ಲಿ.

ಬಂಗರಸರ ಹೆಸರನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಸರಿ. ಆದರೆ ಆ ಸಾಲವನ್ನು ಕೊಟ್ಟವರಾರು? ನನ್ನಂತೆ ತಕ್ಕಡಿ ಹಿಡಿದವರೇ ಅಲ್ಲವೆ? ನಮ್ಮ ತೀರ್ಥರೂಪರ ಖಾತೆ ಪುಸ್ತಕಗಳಲ್ಲಿಯೂ ಆಟಿಯಲ್ಲಿ ಅಕ್ಕಿಗೆ ಕೊಟ್ಟ ಮುಂಗಡ, ಅಡಿಕೆ ಒಣಗಿದ ಮೇಲೆ ನಾವು ಹೇಳಿದ ಧಾರಣೆ, ಎರಡೂ ಒಂದೇ ಪುಟದಲ್ಲಿವೆ. ಅಡಿಕೆ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಕೂಡಿಸಿ ಕ್ಯಾಂಪ್ಕೊ ಸ್ಥಾಪಿಸಿದಾಗ ನಮ್ಮ ಅಂಗಡಿಯಲ್ಲಿ ಸಂತೋಷವೇನೂ ಇರಲಿಲ್ಲವಂತೆ. ಲಾಭ ಕಡಿಮೆಯಾಯಿತೆಂದು ತೀರ್ಥರೂಪರು ಕೊನೆಯವರೆಗೂ ಹೇಳುತ್ತಿದ್ದರು. ಆದುದು ನ್ಯಾಯವೇ ಎಂದು ಅವರೆದುರು ಹೇಳುವ ಧೈರ್ಯ ನನಗಾಗಲಿಲ್ಲ. ಇಂದು ನಿಮ್ಮೆದುರು ಹೇಳುತ್ತಿದ್ದೇನೆ.

ಹೊಸ ಮನೆ ಕಟ್ಟುವಾಗ ಅಟ್ಟದ ಮೇಲಿನ ಇಂತಹ ಪುಸ್ತಕಗಳನ್ನು ಒಲೆಗೆ ಹಾಕುವುದನ್ನು ಕಂಡಿದ್ದೇನೆ. ಯಾರ ಮನೆಯಲ್ಲಾದರೂ ಉಳಿದಿದ್ದರೆ, ಗೆದ್ದಲು ಹಿಡಿದಿದ್ದರೂ ಸರಿಯೇ, ದಯವಿಟ್ಟು ಈ ಬಸದಿಗೆ ತಲುಪಿಸಿರಿ. ನಮ್ಮ ಮನೆಯ ಹನ್ನೊಂದು ಪುಸ್ತಕಗಳನ್ನು ಇಂದು ಬೆಳಿಗ್ಗೆಯೇ ತಂದಿರಿಸಿದ್ದೇನೆ.